ಲಕ್ವಾ ಹೊಡೆದ ಮೇಲೆ ಮಾತು ಮರಳಿ ಕಲಿಯುವುದು ಹೇಗೆ? ಕಿರಿಯ ವಯಸ್ಸಿನವರಿಗೂ ಅವರ ಮನೆಯವರಿಗೂ ಒಂದು ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಭಾಗದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಮ್ಮ ಮನೆಯವರಿಗೆ ಇನ್ನೂ ನಲವತ್ತು ದಾಟಿಲ್ಲ, ಲಕ್ವಾ ಹೊಡೆದಿದೆ, ಕೈಕಾಲು ಸ್ವಲ್ಪ ಬಂದಿವೆ, ಮಾತು ಮಾತ್ರ ಬಂದಿಲ್ಲ. ಏನು ಮಾಡಬೇಕು?" ನನಗೂ 34ನೇ ವಯಸ್ಸಿನಲ್ಲಿ ಎಡ ಮಿದುಳಿನ ರಕ್ತನಾಳವೊಂದು ಕಟ್ಟಿಕೊಂಡು ಮಾತು ನಿಂತುಹೋಗಿತ್ತು. ನೀರು ಬೇಕೆಂದು ಬಾಯಿ ತೆರೆದರೆ "ಚಾವಿ" ಎಂಬ ಪದ ಹೊರಬರುತ್ತಿತ್ತು. ಹೆಂಡತಿ ಚಾವಿ ತಂದುಕೊಟ್ಟಾಗ ಅದು ತಪ್ಪೆಂದು ನನಗೆ ಗೊತ್ತಾಗುತ್ತಿತ್ತು, ಸರಿಯಾದ ಪದ ಮಾತ್ರ ಸಿಗುತ್ತಿರಲಿಲ್ಲ. ಆ ದಿನಗಳಲ್ಲಿ ನಮಗೆ ಯಾರಾದರೂ ಕ್ರಮವಾಗಿ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು ಎನಿಸಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಪಾರ್ಶ್ವವಾಯುವಿಗೆ ನಮ್ಮ ಕಡೆ ಎಲ್ಲರೂ ಲಕ್ವಾ ಎನ್ನುವುದರಿಂದ ಆ ಪದವನ್ನೇ ಬಳಸಿದ್ದೇನೆ. ಔಷಧದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ.

ಬೇಕಾಗುವ ಸಾಮಾನು ಬಹಳವೇನಿಲ್ಲ. ಒಂದು ದಪ್ಪ ನೋಟ್‌ಬುಕ್, ಕ್ಯಾಮೆರಾ ಇರುವ ಫೋನ್, ಟಿವಿಯ ಸದ್ದು ತಲುಪದ ಒಂದು ಮೂಲೆ ಮತ್ತು ದಿನಕ್ಕೆ ಎರಡು ಮೂರು ಬಾರಿ ಇಪ್ಪತ್ತು ನಿಮಿಷ ಅವಸರವಿಲ್ಲದೆ ಕೂರಬಲ್ಲ ಒಬ್ಬ ಮನುಷ್ಯ ಸಾಕು. ಈ ಕೊನೆಯದನ್ನು ಹೊಂದಿಸುವುದೇ ಕಷ್ಟ.

1. ಮಾತಿನಲ್ಲಿ ಕೆಟ್ಟಿರುವುದು ಯಾವುದು ಎಂದು ಮೊದಲು ತಿಳಿದುಕೊಳ್ಳಿ

"ಮಾತು ಹೋಗಿದೆ" ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳಿರಬಹುದು. ಮೊದಲನೆಯದು ಅಫೇಸಿಯಾ, ಅಂದರೆ ಭಾಷೆಯೇ ಅಸ್ತವ್ಯಸ್ತವಾಗುವುದು: ಪದ ಸಿಗುವುದಿಲ್ಲ, ಸಿಕ್ಕರೂ ಬೇರೆಯದು ಬರುತ್ತದೆ, ಕೆಲವರಿಗೆ ಕೇಳಿದ್ದು ಪೂರ್ತಿ ಅರ್ಥವಾಗುವುದಿಲ್ಲ, ಓದು ಬರಹವೂ ಕೆಡುತ್ತದೆ. ಎರಡನೆಯದು ಡಿಸಾರ್ಥ್ರಿಯಾ: ಭಾಷೆ ಸರಿಯಿದೆ, ಆದರೆ ನಾಲಿಗೆ, ತುಟಿ, ಗಂಟಲಿನ ಸ್ನಾಯುಗಳಿಗೆ ಬಲ ಸಾಲದೆ ಮಾತು ತೊದಲುತ್ತದೆ. ಇಂಥವರು ಬರೆದು ತೋರಿಸಬಲ್ಲರು. ಮೂರನೆಯದು ಅಪ್ರಾಕ್ಸಿಯಾ: ಸ್ನಾಯುವಿಗೆ ಬಲವಿದೆ, ಪದವೂ ಗೊತ್ತಿದೆ, ಆದರೆ ಬಾಯಿಯನ್ನು ಯಾವ ಕ್ರಮದಲ್ಲಿ ಆಡಿಸಬೇಕೆಂಬ ಆಜ್ಞೆ ಮಿದುಳಿನಿಂದ ಸರಿಯಾಗಿ ಬರುವುದಿಲ್ಲ, ಒಂದೇ ಪದ ಒಮ್ಮೆ ಸರಿಯಾಗಿ, ಮರುಕ್ಷಣ ತಪ್ಪಾಗಿ ಬರುತ್ತದೆ. ಎರಡು ಅಥವಾ ಮೂರೂ ಒಟ್ಟಿಗೇ ಇರುವುದುಂಟು.

ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಎಡ ಮಿದುಳಿನಲ್ಲಿ. ದೇಹದ ಬಲಭಾಗವನ್ನು ಆಡಿಸುವುದೂ ಅದೇ ಎಡ ಮಿದುಳು. ಬಲಗೈ, ಬಲಗಾಲು ಬಿದ್ದವರಿಗೆ ಮಾತೂ ನಿಲ್ಲುವುದು ಅದಕ್ಕಾಗಿ. 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಅವರು "ಟಾನ್" ಎಂಬ ಒಂದೇ ಸದ್ದನ್ನು ಹೇಳಬಲ್ಲವನಾಗಿದ್ದ ರೋಗಿಯ ಮಿದುಳನ್ನು ಅವನ ಮರಣದ ನಂತರ ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಹಾನಿಯನ್ನು ಗುರುತಿಸಿದರು. ಆ ಭಾಗ ಕೆಟ್ಟವರು ತಡೆತಡೆದು, ತುಂಡು ತುಂಡಾಗಿ ಮಾತನಾಡುತ್ತಾರೆ. ಅದರ ಹಿಂದಿನ, ಕಿವಿಯ ಮೇಲ್ಭಾಗಕ್ಕೆ ಹತ್ತಿರದ ವರ್ನಿಕೆ ಭಾಗ ಕೆಟ್ಟವರು ಸರಾಗವಾಗಿ ಮಾತನಾಡುತ್ತಾರೆ, ಆದರೆ ಅದಕ್ಕೆ ಅರ್ಥವಿರುವುದಿಲ್ಲ. ಈ ಎರಡನೆಯವರನ್ನು ನಮ್ಮ ಊರುಗಳಲ್ಲಿ "ತಲೆ ಕೆಟ್ಟಿದೆ" ಎಂದು ತಪ್ಪಾಗಿ ತಿಳಿದು ಮನೋವೈದ್ಯರಲ್ಲಿಗೂ ದೇವರ ಗುಡಿಗೂ ಕರೆದೊಯ್ಯುವುದನ್ನು ಕಂಡಿದ್ದೇನೆ.

ಎಚ್ಚರಿಕೆ: "ಹೌದು", "ಇಲ್ಲ" ಎಂಬ ಉತ್ತರಗಳನ್ನು ಮೊದಲ ವಾರಗಳಲ್ಲಿ ಹಾಗೆಯೇ ನಂಬಬೇಡಿ. "ನಾವೀಗ ಕಲಬುರಗಿಯಲ್ಲಿ ಇದ್ದೇವೆಯೇ?", "ನಾವೀಗ ಮುಂಬೈಯಲ್ಲಿ ಇದ್ದೇವೆಯೇ?" ಎಂಬಂತೆ ಉತ್ತರ ಗೊತ್ತಿರುವ ಹತ್ತು ಪ್ರಶ್ನೆಗಳನ್ನು ಬೆರೆಸಿ ಕೇಳಿ. ಎಲ್ಲದಕ್ಕೂ "ಹೌದು" ಬರುತ್ತಿದ್ದರೆ, ಹೊಟ್ಟೆ ನೋಯುತ್ತಿದೆಯೇ, ಗುಳಿಗೆ ತೆಗೆದುಕೊಂಡಾಯಿತೇ ಎಂಬಂಥ ಪ್ರಶ್ನೆಗಳಿಗೆ ಬಂದ "ಹೌದು" ಕೂಡ ಭರವಸೆಗೆ ಅರ್ಹವಲ್ಲ. ಅಂಥವರಿಗೆ ಬೆರಳು ಎತ್ತಿ ಅಥವಾ ಚೀಟಿ ತೋರಿಸಿ ಉತ್ತರಿಸುವುದನ್ನು ಕಲಿಸಬೇಕು.

2. ಆಸ್ಪತ್ರೆ ಬಿಡುವ ಮೊದಲು ಮೂರು ವಿಷಯಗಳನ್ನು ಕೇಳಿ ಪಡೆಯಿರಿ

ಒಂದು, ನುಂಗುವ ಪರೀಕ್ಷೆ. ಮಾತಿಗೂ ನುಂಗುವುದಕ್ಕೂ ಬೇಕಾದ ಸ್ನಾಯುಗಳು ಬಹುಪಾಲು ಒಂದೇ. ಗಂಟಲು ಸರಿಯಾಗಿ ಮುಚ್ಚದಿದ್ದರೆ ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಗಟ್ಟಿ ಪದಾರ್ಥವೇ ಅಪಾಯ, ನೀರು ಸಲೀಸು ಎಂದು ಮನೆಯವರು ಭಾವಿಸುತ್ತಾರೆ. ಎಷ್ಟೋ ಜನರಿಗೆ ತೆಳುವಾದ ನೀರೇ ಹೆಚ್ಚು ಅಪಾಯಕಾರಿ. ಕುಡಿದ ಮೇಲೆ ಕೆಮ್ಮು, ನೀರು ತುಂಬಿದಂತಹ ಗೊರಗೊರ ಧ್ವನಿ, ಊಟದ ನಂತರ ಪದೇ ಪದೇ ಜ್ವರ ಇವು ಲಕ್ಷಣಗಳು. ನೆಟ್ಟಗೆ ಕೂರಿಸಿಯೇ ಉಣಿಸಿ, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿಯಂತಹ ಪುಡಿಪುಡಿಯಾಗುವ ಪದಾರ್ಥಗಳನ್ನು ಸ್ಪೀಚ್ ಥೆರಪಿಸ್ಟ್ (ಮಾತಿನ ಚಿಕಿತ್ಸಕರು) ಹೇಳುವವರೆಗೆ ದೂರವಿಡಿ. ನುಣ್ಣಗೆ ಮಾಡಿದ ಜೋಳದ ನುಚ್ಚು, ಗಟ್ಟಿ ಬೇಳೆ ಹೆಚ್ಚು ಸುರಕ್ಷಿತ.

ಎರಡು, ಕಾರಣ. ಕಿರಿಯ ವಯಸ್ಸಿನ ಲಕ್ವಾದಲ್ಲಿ "ಬಿಪಿ ಇತ್ತು" ಎಂದು ಹೇಳಿ ಕಳಿಸಿಬಿಟ್ಟರೆ ಸಾಲದು. ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆಗೆ, ಬಾಲ್ಯದಲ್ಲಿ ರೂಮ್ಯಾಟಿಕ್ ಜ್ವರ ಬಂದು ಕೆಟ್ಟ ಹೃದಯದ ಕವಾಟ, ಕುತ್ತಿಗೆಯ ರಕ್ತನಾಳದ ಒಳಪದರ ಸೀಳುವುದು, ರಕ್ತ ಬೇಗ ಹೆಪ್ಪುಗಟ್ಟುವ ಕಾಯಿಲೆಗಳು ಕೂಡ ಈ ವಯಸ್ಸಿನಲ್ಲಿ ಕಾರಣವಾಗುತ್ತವೆ. ಬಾಣಂತಿಯರಲ್ಲಿ ಮಿದುಳಿನಿಂದ ರಕ್ತ ಹಿಂದಿರುಗಿಸುವ ನಾಳಗಳೇ ಹೆಪ್ಪುಗಟ್ಟುವುದುಂಟು. ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿ, ಅದೂ ನಮ್ಮ ಕಡೆಯ ಬೇಸಿಗೆಯಲ್ಲಿ, ಈ ಅಪಾಯವನ್ನು ಹೆಚ್ಚಿಸುತ್ತದೆ. ಕಾರಣಕ್ಕೆ ತಕ್ಕಂತೆ ಔಷಧ ಬದಲಾಗುವುದರಿಂದ, ಹೃದಯದ ಎಕೋ ಮತ್ತು ಕುತ್ತಿಗೆಯ ರಕ್ತನಾಳದ ಪರೀಕ್ಷೆ ಆಗಿದೆಯೇ ಎಂದು ಕೇಳಿ.

ಮೂರು, ಕಾಗದಪತ್ರ. ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನಿನ ಸಿಡಿ ಅಥವಾ ಫಿಲ್ಮ್, ಗುಳಿಗೆಗಳ ಪಟ್ಟಿ. ಮಾತಿನ ತೊಂದರೆ ಇದೆಯೆಂಬುದು ಸಾರಾಂಶದಲ್ಲಿ ಬರೆದಿದೆಯೇ ಎಂದು ಓದಿ ನೋಡಿ. ಕೈಕಾಲಿನದನ್ನಷ್ಟೇ ಬರೆದು ಅಫೇಸಿಯಾವನ್ನು ಬಿಟ್ಟುಬಿಡುವುದು ಬಹಳ ಸಾಮಾನ್ಯ, ಮತ್ತು ಅದರ ಬೆಲೆ ಮುಂದೆ ಅಂಗವೈಕಲ್ಯ ಪ್ರಮಾಣಪತ್ರದ ಹೊತ್ತಿಗೆ ಗೊತ್ತಾಗುತ್ತದೆ.

3. ಸ್ಪೀಚ್ ಥೆರಪಿಸ್ಟರನ್ನು ಹುಡುಕುವುದು

ವಾಕ್ ಮತ್ತು ಭಾಷಾ ಚಿಕಿತ್ಸಕರು, ಅಂದರೆ ಸ್ಪೀಚ್ ಥೆರಪಿಸ್ಟರು, ಬಿಎಎಸ್‌ಎಲ್‌ಪಿ ಅಥವಾ ಎಂಎಎಸ್‌ಎಲ್‌ಪಿ ಎಂಬ ವಾಕ್ ಶ್ರವಣ ಪದವಿ ಓದಿದವರಾಗಿರಬೇಕು ಮತ್ತು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಹೊಂದಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ; ಶ್ರವಣ ಯಂತ್ರ ಮಾರುವ ಅಂಗಡಿಯ ಸಹಾಯಕರೂ ಕೆಲವೊಮ್ಮೆ ತಮ್ಮನ್ನು ಥೆರಪಿಸ್ಟ್ ಎಂದು ಹೇಳಿಕೊಳ್ಳುತ್ತಾರೆ.

ಮೊದಲು ನಿಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ವಿಚಾರಿಸಿ: ಕಲಬುರಗಿಯಲ್ಲಿ ಜಿಮ್ಸ್, ವಿಮೆ ಇರುವ ಕಾರ್ಮಿಕರಿಗೆ ಇಎಸ್‌ಐಸಿ ಆಸ್ಪತ್ರೆ, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ವಾಕ್ ಶ್ರವಣ ಘಟಕ ಸಾಮಾನ್ಯವಾಗಿ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಹೊಂದಿಕೊಂಡಿರುತ್ತದೆ. ನರರೋಗ ವಿಭಾಗದಲ್ಲಿ ಕೇಳಿ "ಇಲ್ಲ" ಎಂಬ ಉತ್ತರ ಪಡೆದು ಹಿಂದಿರುಗಿದವರು ಅದೇ ಕಟ್ಟಡದ ಇನ್ನೊಂದು ಮಹಡಿಗೆ ಹೋಗಿರುವುದೇ ಇಲ್ಲ.

ವಿವರವಾದ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಫೇಸಿಯಾವನ್ನು ಅಳೆಯುವ ಪ್ರಮಾಣೀಕೃತ ಪರೀಕ್ಷೆ ಕನ್ನಡದಲ್ಲಿಯೇ ಇದೆ, ವಯಸ್ಕರ ಅಫೇಸಿಯಾ ಚಿಕಿತ್ಸೆಗೆ ಕನ್ನಡ ಕೈಪಿಡಿಯೂ ಇದೆ. ಬಸವ ಎಕ್ಸ್‌ಪ್ರೆಸ್ ಕಲಬುರಗಿ, ಯಾದಗಿರಿಗಳಿಂದ ನೇರವಾಗಿ ಮೈಸೂರಿಗೆ ಹೋಗುತ್ತದೆಯಾದರೂ ಪ್ರಯಾಣ ದೀರ್ಘವಾದುದು. ಆದ್ದರಿಂದ ಒಮ್ಮೆ ಹೋಗಿ ಪೂರ್ಣ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ಬರೆಸಿಕೊಂಡು, ಮುಂದಿನದನ್ನು ವಿಡಿಯೊ ಕರೆಯಲ್ಲಿ ಮುಂದುವರಿಸಲು ಸಾಧ್ಯವೇ ಎಂದು ಕೇಳುವುದು ಜಾಣತನ.

ನಮ್ಮ ಭಾಗದವರು ಹೆಚ್ಚಾಗಿ ಮಾಡುವ ತಪ್ಪು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಮಾತಿನ ಚಿಕಿತ್ಸೆಗೂ ಹೋಗುವುದು. ಸ್ಕ್ಯಾನಿಗೆ, ಶಸ್ತ್ರಚಿಕಿತ್ಸೆಗೆ ಆ ಊರುಗಳು ಹತ್ತಿರವೂ ಹೌದು, ಅನುಕೂಲವೂ ಹೌದು. ಆದರೆ ಆಳಂದದ ಹಳ್ಳಿಯ ಒಬ್ಬ ರೈತ ತನ್ನ ಕಳೆದುಹೋದ ಪದಗಳನ್ನು ತೆಲುಗು ಇಲ್ಲವೇ ಇಂಗ್ಲಿಷ್ ಮಾತನಾಡುವ ಥೆರಪಿಸ್ಟರ ಮುಂದೆ ಕುಳಿತು ಹುಡುಕುವುದರಲ್ಲಿ ಅರ್ಥವಿಲ್ಲ. ಚಿಕಿತ್ಸೆಯ ಭಾಷೆ ಮನೆಯ ಭಾಷೆಯೇ ಆಗಿರಬೇಕು.

4. ಮನೆಯಲ್ಲಿ ದಿನನಿತ್ಯದ ಅಭ್ಯಾಸ

ವಾರಕ್ಕೊಮ್ಮೆ ಅರ್ಧ ಗಂಟೆಯ ಥೆರಪಿಯಿಂದ ಮಾತ್ರವೇ ಮಾತು ಬರುವುದಿಲ್ಲ. ವಾರದಲ್ಲಿ ನಾಲ್ಕೈದು ದಿನವಾದರೂ, ಒಂದೇ ಸಲ ಗಂಟೆಗಟ್ಟಲೆ ಕೂರಿಸದೆ, ಹದಿನೈದು ಇಪ್ಪತ್ತು ನಿಮಿಷಗಳ ಸರದಿಗಳಲ್ಲಿ ಅಭ್ಯಾಸ ನಡೆಯಬೇಕು. ಬೆಳಿಗ್ಗೆಯ ಹೊತ್ತು ಒಳ್ಳೆಯದು, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ಮಿದುಳು ದಣಿದಿರುತ್ತದೆ.

ಮೊದಲು ತಾನಾಗಿ ಬರುವ ಮಾತು. ಒಂದರಿಂದ ಹತ್ತು ಎಣಿಕೆ, ವಾರದ ದಿನಗಳು, ದಿನವೂ ಹೇಳುತ್ತಿದ್ದ ಪ್ರಾರ್ಥನೆ ಇಂಥವು ಮಿದುಳಿನಲ್ಲಿ ಬೇರೆ ದಾರಿಯಿಂದ ಬರುತ್ತವೆ, ಹಾಗಾಗಿ ಬೇಗ ಮರಳುತ್ತವೆ. ಬೈಗುಳವೂ ಇದೇ ಗುಂಪಿನದು. ತಾಯಿಯ ಹೆಸರು ಹೇಳಲಾಗದ ಮಗ ಸಿಟ್ಟು ಬಂದಾಗ ಸ್ಪಷ್ಟವಾಗಿ ಬೈದರೆ, ಅವನು ಇಷ್ಟು ದಿನ ನಾಟಕ ಮಾಡುತ್ತಿದ್ದನೆಂದು ದಯವಿಟ್ಟು ತಿಳಿಯಬೇಡಿ. ಎಣಿಕೆಯನ್ನು ಒಟ್ಟಿಗೆ ಆರಂಭಿಸಿ, "ಒಂದು, ಎರಡು, ಮೂರು" ಎಂದು ನೀವು ನಿಲ್ಲಿಸಿ "ನಾಲ್ಕು" ಎಂಬುದನ್ನು ಅವರಿಗೆ ಬಿಡಿ. ಬಳಿಕ "ಮಗನಿಗೆ ಎಷ್ಟು ವರ್ಷ?" ಎಂಬಂಥ ನಿಜವಾದ ಪ್ರಶ್ನೆಗೆ ಆ ಅಂಕಿಯನ್ನು ಉತ್ತರವಾಗಿ ತರಿಸಿ. ಎಣಿಕೆಯಲ್ಲೇ ತಿಂಗಳುಗಟ್ಟಲೆ ನಿಂತುಬಿಟ್ಟರೆ ಪ್ರಯೋಜನವಿಲ್ಲ.

ನಂತರ ರಾಗ. ಮಾತು ಬಾರದವರು ಹಾಡು ಹಾಡುವುದನ್ನು ಕಂಡು ಮನೆಯವರು ಬೆರಗಾಗುತ್ತಾರೆ. 1973ರಲ್ಲಿ ಅಮೆರಿಕದ ಬಾಸ್ಟನ್ನಿನ ಸಂಶೋಧಕರು ಇದನ್ನೇ ಆಧರಿಸಿ, ಮಾತನ್ನು ರಾಗಕ್ಕೆ ಕೂಡಿಸಿ ಎಡಗೈಯಿಂದ ತಾಳ ಹಾಕುತ್ತಾ ಹೇಳಿಸುವ ವಿಧಾನವೊಂದನ್ನು ರೂಪಿಸಿದರು. ಭಜನೆ, ತತ್ವಪದ, ವಚನಗಾಯನ ಮನೆಮನೆಯಲ್ಲಿರುವ ನಮ್ಮ ಕಡೆ ಇದಕ್ಕೆ ಬೇಕಾದ ಕಿವಿ ಮೊದಲೇ ಸಿದ್ಧವಾಗಿದೆ. ಆದರೆ ಭಜನೆ ಹಾಡಿಸಿದ ಮಾತ್ರಕ್ಕೆ ಚಿಕಿತ್ಸೆಯಾಗುವುದಿಲ್ಲ. "ನೀರು ಕೊಡು", "ಸಾಕು", "ಹೊರಗೆ ಹೋಗೋಣ" ಎಂಬ ಬೇಕಾದ ಮಾತುಗಳನ್ನು ಎರಡೇ ಸ್ವರದ ಏರಿಳಿತದಲ್ಲಿ, ಪ್ರತಿ ಅಕ್ಷರಕ್ಕೂ ಎಡಗೈಯಿಂದ ಮಂಚದ ಪಟ್ಟಿಯ ಮೇಲೆ ತಟ್ಟುತ್ತಾ, ಮೊದಲು ನಿಮ್ಮ ಜೊತೆ, ಆಮೇಲೆ ನಿಮ್ಮ ಧ್ವನಿ ಮೆಲ್ಲಗೆ ತಗ್ಗುತ್ತಿದ್ದಂತೆ ಅವರೊಬ್ಬರೇ ಹೇಳುವಂತೆ ಮಾಡಿ, ಕೊನೆಗೆ ರಾಗವನ್ನೂ ಬಿಡಿಸಬೇಕು.

ಮೂರನೆಯದು ಹೆಸರು ಹೇಳುವ ಅಭ್ಯಾಸ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕಾಗಿದೆ: ಅಂಗನವಾಡಿಯ ಚಿತ್ರಪುಸ್ತಕ ತಂದು ಆನೆ, ವಿಮಾನ, ಸೇಬು ತೋರಿಸಬೇಡಿ. ಮೂವತ್ತೈದರ ಮನುಷ್ಯನಿಗೆ ಅದು ಅವಮಾನ, ಮೇಲಾಗಿ ಆನೆಯ ಹೆಸರಿನಿಂದ ಅವನ ದಿನದಲ್ಲಿ ಆಗಬೇಕಾದ್ದೇನೂ ಇಲ್ಲ. ಅವರದೇ ಬದುಕಿನ ಐವತ್ತು ವಸ್ತುಗಳ, ವ್ಯಕ್ತಿಗಳ ಫೋಟೋ ತೆಗೆಯಿರಿ: ಚಂಬು, ಚಪ್ಪಲಿ, ಬಿಪಿ ಗುಳಿಗೆ, ಗಾಡಿಯ ಚಾವಿ, ಹೊಲದ ಬಾವಿ, ತೊಗರಿ ಚೀಲ, ಹೆಂಡತಿ, ಮಕ್ಕಳು, ಪಕ್ಕದ ಮನೆಯವರು. ಪದ ಸಿಗದಿದ್ದಾಗ ತಕ್ಷಣ ಹೇಳಿಕೊಡಬೇಡಿ; ಸಹಾಯವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡಿ. ಉದಾಹರಣೆಗೆ ತೊಗರಿಯ ಫೋಟೋ ಇದೆ ಎನ್ನಿ. ಮೊದಲು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಆಮೇಲೆ ಅರ್ಥದ ಸುಳಿವು: "ಹೊಲದಲ್ಲಿ ಬೆಳೆಯುತ್ತದೆ, ಇದರ ಬೇಳೆ ಮಾಡುತ್ತೇವೆ." ಬರಲಿಲ್ಲವೇ? ವಾಕ್ಯ ಪೂರ್ತಿ ಮಾಡಿಸಿ: "ಕಲಬುರಗಿಗೆ ಹೆಸರು ತಂದ ಬೆಳೆ..." ಅದೂ ಆಗದಿದ್ದರೆ ಮೊದಲ ಸದ್ದು: "ತೊ..." ಕೊನೆಗಷ್ಟೇ ಇಡೀ ಪದ, ಅದನ್ನು ಅವರು ಮೂರು ಬಾರಿ ಹೇಳಲಿ. ಯಾವ ಮೆಟ್ಟಿಲಿನಲ್ಲಿ ಪದ ಬಂತೆಂದು ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಗುರುತಿಸಿ. ಏನೂ ಸುಧಾರಿಸುತ್ತಿಲ್ಲ ಎಂದು ಎರಡನೆಯ ತಿಂಗಳಲ್ಲಿ ಎಲ್ಲರಿಗೂ ಅನಿಸುತ್ತದೆ. ಆಗ ಹಿಂದಿನ ಪುಟ ತಿರುವಿದರೆ, ಇಡೀ ಪದ ಹೇಳಿಕೊಡಬೇಕಾಗಿದ್ದಲ್ಲಿ ಈಗ ಮೊದಲ ಸದ್ದೇ ಸಾಕಾಗುತ್ತಿದೆಯೆಂಬುದು ಕಾಣುತ್ತದೆ.

ನಾಲ್ಕನೆಯದು ವಾಕ್ಯ. ದಿನದಲ್ಲಿ ನಿಜವಾಗಿ ಆಡಬೇಕಾದ ಐದಾರು ಮಾತುಗಳನ್ನು ಆರಿಸಿ, ನಾಟಕದ ಪಾತ್ರಧಾರಿಯಂತೆ ಬಾಯಿಪಾಠ ಮಾಡಿಸುವುದು ಒಳ್ಳೆಯ ಫಲ ಕೊಡುತ್ತದೆ. ನಾನು ಮೊದಲು ಕಲಿತ ವಾಕ್ಯ, ಸಿಟಿ ಬಸ್ಸಿನ ಕಂಡಕ್ಟರಿಗೆ ಹೇಳುವ "ಸೂಪರ್ ಮಾರ್ಕೆಟ್, ಒಂದು ಟಿಕೆಟ್ ಕೊಡ್ರಿ" ಎಂಬುದು. ಕನ್ನಡದಲ್ಲಿ ಪದದ ತುದಿಗೆ ಅಂಟುವ ಪ್ರತ್ಯಯಗಳು ಅಫೇಸಿಯಾದಲ್ಲಿ ಬೇಗ ಉದುರಿಹೋಗುತ್ತವೆ: "ನಾನು ಬಜಾರ್ ಹೋಗು" ಎಂಬಂಥ ಮಾತು ಬರುತ್ತದೆ, ಬಂದಳು ಎನ್ನಬೇಕಾದಲ್ಲಿ ಬಂದನು ಆಗುತ್ತದೆ. ನಮ್ಮ ಕಡೆ "ರೀ" ಬಿಟ್ಟರೆ ಮರ್ಯಾದೆ ಹೋಯಿತೆಂದೇ ಲೆಕ್ಕ. ನಾನು ಮಾವನವರಿಗೆ "ಬಾ, ಕೂಡು" ಎಂದುಬಿಟ್ಟು ಮನೆಯಲ್ಲಿ ಒಂದು ದಿನ ಮೌನ ಆವರಿಸಿತ್ತು. ಬಂಧುಗಳಿಗೆ ಇದನ್ನು ಮೊದಲೇ ತಿಳಿಸಿಬಿಡಿ. ಅರ್ಥ ತಲುಪಿದ ಮೇಲೆ ವ್ಯಾಕರಣವನ್ನು ತಿದ್ದುತ್ತ ಕೂರಬೇಡಿ, ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲಿ ಸೇರಿಸಿ ಹೇಳಿದರೆ ಸಾಕು.

ಓದು ಬರಹಕ್ಕೆ ಅಂಗಡಿ ಫಲಕ, ಬಸ್ಸಿನ ಫಲಕ, ಮನೆಯವರ ಹೆಸರು ಇವುಗಳಿಂದ ಆರಂಭಿಸಿ. ಬಲಗೈ ಆಡದಿದ್ದರೆ ಎಡಗೈಯಿಂದ ಬರೆಯಲಿ, ಅಕ್ಷರ ಸೊಟ್ಟಗಾದರೆ ನಷ್ಟವಿಲ್ಲ.

5. ಮನೆಯವರು ಮಾತನಾಡುವ ಕ್ರಮ

ನಮ್ಮ ಮನೆಗಳಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಪಡಸಾಲೆಯಲ್ಲಿ ಹತ್ತು ಜನ ಕೂಡುತ್ತಾರೆ, ಹತ್ತು ಜನವೂ ಒಟ್ಟಿಗೆ ಮಾತನಾಡುತ್ತಾರೆ. ಅಫೇಸಿಯಾ ಇರುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಒಬ್ಬೊಬ್ಬರಾಗಿ, ಎದುರಿಗೆ ಕುಳಿತು, ಚಿಕ್ಕ ವಾಕ್ಯಗಳಲ್ಲಿ, ಸಹಜ ಧ್ವನಿಯಲ್ಲಿ ಮಾತನಾಡಿ. ಕಿವಿ ಸರಿಯಿರುವವರಿಗೆ ಕೂಗಿ ಹೇಳಬೇಕಾಗಿಲ್ಲ. "ಏನು ಬೇಕು?" ಎಂದು ಕೇಳುವ ಬದಲು "ಚಹಾ ಬೇಕೋ, ಮಜ್ಜಿಗೆ ಬೇಕೋ?" ಎಂದು ಎರಡು ವಸ್ತುಗಳನ್ನು ತೋರಿಸಿ ಕೇಳಿ. ಅರ್ಥವಾಗದಿದ್ದರೆ ಅರ್ಥವಾದಂತೆ ನಟಿಸಬೇಡಿ. "ನನಗೆ ತಿಳಿಯಲಿಲ್ಲ, ತೋರಿಸು" ಎನ್ನಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಅವರ ಪರವಾಗಿ ಉತ್ತರ ಹೇಳುವುದು. ಬಂದವರು "ಹೆಂಗದೀರಿ?" ಎಂದು ರೋಗಿಯನ್ನು ಕೇಳುತ್ತಾರೆ, ಹೆಂಡತಿ ಅಥವಾ ತಾಯಿ "ಆರಾಮ ಇದ್ದಾರ್ರಿ" ಎಂದುಬಿಡುತ್ತಾರೆ. ಪ್ರೀತಿಯಿಂದಲೇ ಆಗುವ ಈ ಕೆಲಸ ದಿನಕ್ಕೆ ಮೂವತ್ತು ಸಲ ಆದರೆ ಮೂವತ್ತು ಅಭ್ಯಾಸಗಳು ತಪ್ಪಿಹೋದವೆಂದು ತಿಳಿಯಿರಿ. ಅವರ ಮುಂದೆಯೇ ಅವರ ಬಗ್ಗೆ, ಅವರಿಲ್ಲವೆಂಬಂತೆ ಮಾತನಾಡುವುದನ್ನೂ ನಿಲ್ಲಿಸಬೇಕು. ಹೊಲ ಮಾರುವ ವಿಚಾರವನ್ನು, ಮಗಳ ಶಾಲೆಯ ವಿಚಾರವನ್ನು ಅವರ ಮಂಚದ ಪಕ್ಕದಲ್ಲೇ ನಿಂತು ಅವರನ್ನು ಕೇಳದೆ ತೀರ್ಮಾನಿಸಿದ ಮನೆಗಳಲ್ಲಿ ಮಾತು ಬಂದ ಮೇಲೂ ಮನಸ್ತಾಪ ಉಳಿದಿದೆ.

6. ಮನೆಯಲ್ಲಿ ಎರಡು ಮೂರು ಭಾಷೆಗಳಿದ್ದರೆ

ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಓಣಿಯಲ್ಲಿ ನಡೆಯುವ ನಮ್ಮ ಭಾಗದಲ್ಲಿ ಈ ಪ್ರಶ್ನೆ ಸಹಜ. ಬಹುತೇಕರಲ್ಲಿ ಎಲ್ಲ ಭಾಷೆಗಳೂ ಕೂಡಿಯೇ ಕೆಟ್ಟು ಕೂಡಿಯೇ ಸುಧಾರಿಸುತ್ತವೆ. ಕೆಲವರಿಗೆ ಮಾತ್ರ ಒಂದು ಭಾಷೆ ಮುಂದಾಗಿ ಬರುತ್ತದೆ, ಅದು ತಾಯ್ನುಡಿಯೇ ಆಗಬೇಕೆಂದಿಲ್ಲ. ಕಾಯಿಲೆಗೆ ಮೊದಲು ಹೆಚ್ಚು ಬಳಸುತ್ತಿದ್ದ ಭಾಷೆಯಾಗಿರಬಹುದು. ಕನ್ನಡದವನಿಗೆ "ಪಾನಿ" ಎಂಬುದು ಮೊದಲು ಬಂದರೆ ತಿದ್ದದೆ ನೀರು ಕೊಡಿ, ಕೊಡುವಾಗ "ಹೌದು, ನೀರು" ಎನ್ನಿ. ಅಭ್ಯಾಸವನ್ನು ಮನೆಯಲ್ಲಿ ಹೆಚ್ಚು ಬಳಸುವ ಒಂದು ಭಾಷೆಯಿಂದ ಆರಂಭಿಸುವುದು ಒಳ್ಳೆಯದು, ಆದರೆ ಉಳಿದವುಗಳನ್ನು ನಿಷೇಧಿಸಬೇಕಾಗಿಲ್ಲ. ಥೆರಪಿಸ್ಟರಿಗೆ ಎಲ್ಲ ಭಾಷೆಗಳ ವಿವರ ಕೊಡಿ, ಯಾವುದನ್ನು ಯಾರೊಡನೆ ಆಡುತ್ತಿದ್ದರೆಂಬುದು ಸೇರಿದಂತೆ.

7. ನಾಟಿ ಔಷಧದ ವಿಷಯ

ಲಕ್ವಾ ಎಂದೊಡನೆ ಯಾವುದೋ ಊರಿನ ಔಷಧದ ವಿಳಾಸ ಹೇಳುವ ಹತ್ತು ಜನ ಸಿಗುತ್ತಾರೆ. ಅಲ್ಲಿ ಗುಣವಾದವರನ್ನು ಕಣ್ಣಾರೆ ಕಂಡವರೂ ಇರುತ್ತಾರೆ. ಅದರ ಗುಟ್ಟು ಇಷ್ಟು: ಮುಖದ ನರ ಮಾತ್ರ ಊದಿಕೊಂಡು ಬಾಯಿ ಸೊಟ್ಟಗಾಗುವ ಬೆಲ್ಸ್ ಪಾಲ್ಸಿ ಎಂಬ ತೊಂದರೆಯನ್ನೂ ನಾವು ಲಕ್ವಾ ಎಂದೇ ಕರೆಯುತ್ತೇವೆ, ಅದು ಬಹುಪಾಲು ಜನರಲ್ಲಿ ಕೆಲವು ವಾರ ತಿಂಗಳುಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಹೆಸರು ಮಾತ್ರ ಔಷಧ ಕೊಟ್ಟವರಿಗೆ ಬರುತ್ತದೆ. ಮಿದುಳಿನ ಲಕ್ವಾ ಬೇರೆ ಕಾಯಿಲೆ. ಮೂಗಿಗೆ ಹನಿ ಹಾಕುವುದು ನುಂಗಲು ಕಷ್ಟವಿರುವವರಿಗೆ ಅಪಾಯಕಾರಿ. ಪಾರಿವಾಳದ ರಕ್ತ ಹಚ್ಚುವುದರಿಂದ ಮಿದುಳಿನ ರಕ್ತನಾಳಕ್ಕೆ ಏನೂ ಆಗುವುದಿಲ್ಲ. ಆದರೂ ನನ್ನ ಜಗಳ ಎಣ್ಣೆಯ ಜೊತೆಯಾಗಲಿ ಪಥ್ಯದ ಜೊತೆಯಾಗಲಿ ಅಲ್ಲ. "ಇಂಗ್ಲಿಷ್ ಗುಳಿಗೆ ಬಿಡಬೇಕು" ಎಂಬ ಷರತ್ತು ಹಾಕುವವರಲ್ಲಿಗೆ ಮಾತ್ರ ಹೋಗಲೇಬೇಡಿ. ರಕ್ತ ತೆಳುವಾಗಿಸುವ ಗುಳಿಗೆ, ಬಿಪಿ ಗುಳಿಗೆ ನಿಲ್ಲಿಸಿದ ಮೇಲೆ ಎರಡನೆಯ ಬಾರಿ ಲಕ್ವಾ ಹೊಡೆಯುವ ಅಪಾಯ ಹೆಚ್ಚುತ್ತದೆ.

8. ದಣಿವು, ಖಿನ್ನತೆ ಮತ್ತು ಆರು ತಿಂಗಳ ಭಯ

ಚೇತರಿಕೆಯ ವೇಗ ಮೊದಲ 3ರಿಂದ 6 ತಿಂಗಳುಗಳಲ್ಲಿ ಹೆಚ್ಚು ಎಂಬುದು ನಿಜ. ಆರು ತಿಂಗಳಾದ ಮೇಲೆ ಬಾಗಿಲು ಮುಚ್ಚುತ್ತದೆ ಎಂಬುದು ಸುಳ್ಳು. ವರ್ಷಗಳ ನಂತರವೂ ತೀವ್ರವಾದ ಅಭ್ಯಾಸದಿಂದ ಮಾತು ಸುಧಾರಿಸಿದೆ. ಹೊರಗೆ ಕಾಣದ ದಣಿವು ಬಹಳ ಜನರಿಗೆ ಉಳಿಯುತ್ತದೆ. ಅರ್ಧ ಗಂಟೆ ಮಾತನಾಡಿದವರು ಎರಡು ಗಂಟೆ ಮಲಗಿದರೆ ಸೋಮಾರಿತನ ಎನ್ನಬೇಡಿ.

ಲಕ್ವಾ ಹೊಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಮಾತಿಲ್ಲದವರು ಅದನ್ನು ಹೇಳಿಕೊಳ್ಳಲಾರರು. ಊಟ ಬಿಡುವುದು, ಅಭ್ಯಾಸಕ್ಕೆ ಮುಖ ತಿರುಗಿಸುವುದು, ನಿದ್ರೆ ಕೆಡುವುದು ಇವೇ ಅವರ ಮಾತು. ಇದಕ್ಕೆ ಔಷಧವಿದೆ, ವೈದ್ಯರಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ತೆರೆದಿರುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ನೋಡಿಕೊಳ್ಳುವವರು ತಮಗಾಗಿಯೂ ಅಲ್ಲಿಗೆ ಕರೆ ಮಾಡಬಹುದು.

9. ಫೋನ್, ಬ್ಯಾಂಕು, ಸಹಿ

ಅಫೇಸಿಯಾ ಅಂಕಿಗಳನ್ನೂ ಕೆಡಿಸುತ್ತದೆ. ಐನೂರು ಕಳಿಸಬೇಕಾದಲ್ಲಿ ಐದು ಸಾವಿರ ಒತ್ತುವುದು, ಒಟಿಪಿ ಓದುವಾಗ ಅಂಕಿ ಅದಲುಬದಲಾಗುವುದು ಸಾಮಾನ್ಯ. ಹಣ ಕಳಿಸುವ ಆ್ಯಪಿನಲ್ಲಿ ದಿನದ ಮಿತಿಯನ್ನು ಕಡಿಮೆ ಮಾಡಿ, ಹೆಚ್ಚಿನ ಹಣವಿರುವ ಖಾತೆಯನ್ನು ಫೋನಿನಿಂದ ಬೇರ್ಪಡಿಸಿ, ಆದರೆ ಫೋನನ್ನೇ ಕಸಿದುಕೊಳ್ಳಬೇಡಿ. ವಾಟ್ಸ್ಆ್ಯಪ್ಪಿನಲ್ಲಿ ಫೋಟೋ ಕಳಿಸುವುದು, ಧ್ವನಿ ಸಂದೇಶವನ್ನು ಅಳಿಸಿ ಮತ್ತೆ ಮಾತನಾಡುವುದು ಎದುರುಬದುರಿನ ಮಾತಿಗಿಂತ ಸುಲಭ, ಯಾರೂ ಅವಸರಪಡಿಸುವುದಿಲ್ಲ.

ಬಲಗೈ ಬಿದ್ದು ಸಹಿ ಹೊಂದದಿದ್ದರೆ ಬ್ಯಾಂಕಿನವರು ಹಣ ತಡೆಯುತ್ತಾರೆಂದು ಹೆದರಬೇಕಾಗಿಲ್ಲ. ಸಹಿ ಮಾಡಲಾಗದ ರೋಗಿಯ ಹೆಬ್ಬೆಟ್ಟಿನ ಗುರುತನ್ನು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ, ದೃಢೀಕರಿಸಿದರೆ ಹಣ ತೆಗೆಯಲು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸುವ ಬಂಧುಗಳಿಂದ ಮಾತ್ರ ಕಾಪಾಡಿಕೊಳ್ಳಿ.

10. ಪ್ರಮಾಣಪತ್ರ ಮತ್ತು ಕೆಲಸ

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ನ್ಯೂನತೆಯೂ ಒಂದು, ಅದರ ವಿವರಣೆಯಲ್ಲಿ ಅಫೇಸಿಯಾದ ಹೆಸರೇ ಇದೆ. ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ. ಪರೀಕ್ಷೆಯ ದಿನ ಕೈಕಾಲು ಮತ್ತು ಮಾತು ಎರಡನ್ನೂ ಅಳೆಯುವಂತೆ ಕೇಳಿ, ಥೆರಪಿಸ್ಟರ ವರದಿಯನ್ನು ಒಯ್ಯಿರಿ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಕನಿಷ್ಠ ಮಿತಿಯಾಗಿರುವುದರಿಂದ, ಕೈಕಾಲಿನದನ್ನಷ್ಟೇ ಬರೆದು ಶೇ. 35ಕ್ಕೆ ನಿಂತರೆ ನಷ್ಟ ನಿಮ್ಮದೇ.

ಸರ್ಕಾರಿ ನೌಕರಿಯಲ್ಲಿರುವವರು ಅವಸರದಲ್ಲಿ ರಾಜೀನಾಮೆ ಬರೆದುಕೊಡಬೇಡಿ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಹಳೆಯ ಕೆಲಸ ಮಾಡಲಾಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕೆಂದು ಅದೇ ಕಾಯ್ದೆಯ 20(4)ನೇ ಕಲಂ ಹೇಳುತ್ತದೆ. ಶಿಕ್ಷಕರಿಗೂ ಸಾರಿಗೆ ನಿಗಮದ ಚಾಲಕರಿಗೂ ಇದು ತಿಳಿದಿರಬೇಕು. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಇಎಸ್‌ಐ ಇರುವ ಕಾರ್ಮಿಕರು ಅರ್ಧಾಂಗ ಪಾರ್ಶ್ವವಾಯುವಿಗೆ ವಿಸ್ತರಿತ ಅನಾರೋಗ್ಯ ಸೌಲಭ್ಯ ಕೇಳಬಹುದು: ಸೇವಾವಧಿಯ ಷರತ್ತುಗಳು ಪೂರ್ತಿಯಾಗಿದ್ದರೆ ವೇತನದ ಶೇ. 80ರಂತೆ, ಗರಿಷ್ಠ 2 ವರ್ಷದವರೆಗೆ.

ಕೆಲಸಕ್ಕೆ ಮರಳುವಾಗ ಪೂರ್ಣ ದಿನದಿಂದ ಆರಂಭಿಸಬೇಡಿ. ಸಾಧ್ಯವಾದರೆ ಅರ್ಧ ದಿನ, ಗಿರಾಕಿಗಳ ಎದುರಿನ ಕೆಲಸಕ್ಕಿಂತ ಕಡತದ ಕೆಲಸ, ಫೋನ್ ಕರೆಯ ಬದಲು ಸಂದೇಶ. ಕಿರಾಣಿ ಅಂಗಡಿಯವರು ಗಲ್ಲೆಯ ಮೇಲೆ ಕೂರುವ ಮೊದಲು ಕೆಲವು ವಾರ ಸಾಮಾನು ತೂಗುವ ಕೆಲಸ ಮಾಡಿ ನೋಡಲಿ. ಮೂರ್ಛೆ ಬಂದಿದ್ದರೆ, ಬಲಗಡೆಯ ದೃಷ್ಟಿ ಕಡಿಮೆಯಾಗಿದ್ದರೆ, ವೈದ್ಯರು ಒಪ್ಪುವವರೆಗೆ ಗಾಡಿ ಓಡಿಸಬಾರದು.

11. ಜೇಬಿನಲ್ಲಿ ಒಂದು ಕಾರ್ಡು

ಲಕ್ವಾ ಮತ್ತೆ ಹೊಡೆಯುವ ಲಕ್ಷಣಗಳಾದ ಮುಖ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ಮತ್ತೆ ಕೆಡುವುದು, ಹಠಾತ್ತನೆ ತೋಲ ತಪ್ಪುವುದು ಅಥವಾ ದೃಷ್ಟಿ ಹೋಗುವುದು ಕಂಡರೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಚಿಂಚೋಳಿಯಿಂದಲೋ ಸುರಪುರದಿಂದಲೋ ಹೊರಟವರು ಸ್ಕ್ಯಾನ್ ಇಲ್ಲದ ಎರಡು ಆಸ್ಪತ್ರೆಗಳಲ್ಲಿ ಇಳಿದು ಹತ್ತಿದರೆ ಆ ಹೊತ್ತು ಅಲ್ಲೇ ಮುಗಿಯುತ್ತದೆ. ರಾತ್ರಿಯೂ ಸಿಟಿ ಸ್ಕ್ಯಾನ್ ನಡೆಯುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿ ಬರೆದಿಡಿ. ಸ್ಕ್ಯಾನ್ ಆಗುವ ಮೊದಲು ಆಸ್ಪಿರಿನ್ ನುಂಗಿಸಬೇಡಿ, ಕಾರಣ ರಕ್ತಸ್ರಾವವೂ ಆಗಿರಬಹುದು.

ಎಟಿಎಂ ಕಾರ್ಡಿನ ಅಳತೆಯ ಕಾಗದದ ಮೇಲೆ ಕನ್ನಡದಲ್ಲಿಯೂ ಉರ್ದು ಇಲ್ಲವೇ ಹಿಂದಿಯಲ್ಲಿಯೂ ಹೀಗೆ ಬರೆಸಿ ಲ್ಯಾಮಿನೇಶನ್ ಮಾಡಿಸಿ: "ನನಗೆ ಪಾರ್ಶ್ವವಾಯು ಆಗಿದೆ. ಮಾತನಾಡಲು ಕಷ್ಟವಿದೆ. ನಿಧಾನವಾಗಿ ಮಾತನಾಡಿ, ಉತ್ತರಕ್ಕೆ ಸ್ವಲ್ಪ ಸಮಯ ಕೊಡಿ. ನಾನು ಕುಡಿದಿಲ್ಲ." ಈ ಕೊನೆಯ ವಾಕ್ಯವನ್ನು ನಾನು ಬಸ್ ನಿಲ್ದಾಣದಲ್ಲಿ ಒಂದು ಸಂಜೆ ಅನುಭವಿಸಿದ ಮೇಲೆ ಸೇರಿಸಿದ್ದು. ಹಿಂಬದಿಯಲ್ಲಿ ಮನೆಯವರ ಫೋನ್ ಸಂಖ್ಯೆ, ರಕ್ತ ತೆಳುವಾಗಿಸುವ ಗುಳಿಗೆಯ ಹೆಸರು ಮತ್ತು ಪ್ರಮಾಣ ಇರಲಿ. ಗುಳಿಗೆ ಬದಲಾದಾಗಲೆಲ್ಲ ಕಾರ್ಡನ್ನೂ ಬದಲಾಯಿಸಿ.